ರಟ್ಟೆ ತುಂಬ ಸಣ್ಣ ಸಣ್ಣ ಗುಳ್ಳೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಅಕ್ಕನ ಮದುವೆಗೆ ಎರಡೇ ತಿಂಗಳಿದೆ. ಏನು ಮಾಡಲಿ?

ಮೊದಲು ಉಜ್ಜುವುದನ್ನು ನಿಲ್ಲಿಸಿ. ದಯವಿಟ್ಟು ಇವತ್ತೇ ನಿಲ್ಲಿಸಿ.

ಮುಟ್ಟಿದರೆ ಉಪ್ಪುಕಾಗದದ ಹಾಗೆ, ತುರಿಕೆಯಿಲ್ಲ, ನೋವಿಲ್ಲ, ಚಳಿಗೆ ರೋಮ ಎದ್ದ ಹಾಗೆ ಕಾಣುತ್ತದೆ ಅಲ್ವಾ? ನನಗೂ ಹೀಗೇ ಇತ್ತು. ಉಡುಪಿಯಲ್ಲಿ ಹೈಸ್ಕೂಲು ಓದುವಾಗ ಅಮ್ಮ ಇದನ್ನು ಕೊಳೆ ಅಂದುಕೊಂಡಿದ್ದರು. ಭಾನುವಾರ ಬಂದರೆ ಹಂಡೆಯ ಬಿಸಿನೀರು, ಕಡಲೆಹಿಟ್ಟು, ತೆಂಗಿನ ನಾರು. ತೋಳು ಕೆಂಪಾಗಿ ಉರಿಯುತ್ತಿತ್ತು. ಗುಳ್ಳೆ ಹೋಗಲಿಲ್ಲ, ಮೇಲೆ ಕಪ್ಪು ಚುಕ್ಕೆ ಬೇರೆ ಬಂತು. ಮಂಗಳೂರಿನಲ್ಲಿ ಕಾಲೇಜಿಗೆ ಹೋಗುವಾಗ ಏಪ್ರಿಲ್ ಸೆಕೆಯಲ್ಲೂ ಉದ್ದ ತೋಳಿನ ಚೂಡಿದಾರವೇ.

ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದೆವು. ಅವರು ನನ್ನ ತೋಳು ಸವರಿ ನೋಡಿ ಅಮ್ಮನನ್ನು ಕೇಳಿದರು, "ನಿಮಗೂ ಇದೆಯಾ?" ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಸೆರಗು ಸರಿಸಿ ತೋಳು ತೋರಿಸಿದರು. ಅವರಿಗೂ ಇತ್ತು, ತುಸು ಮಾಸಿತ್ತು ಅಷ್ಟೆ.

ಇದರ ಹೆಸರು ಕೆರಟೋಸಿಸ್ ಪಿಲಾರಿಸ್. ಉಗುರು, ಕೂದಲಿನಲ್ಲಿರುವ ಕೆರಟಿನ್ ಎಂಬ ಪ್ರೋಟೀನ್ ಚರ್ಮದಲ್ಲೂ ಇರುತ್ತದೆ. ಅದು ಜಾಸ್ತಿಯಾಗಿ ರೋಮ ಹೊರಬರುವ ತೂತಿಗೆ ಬಿರಡೆಯ ಹಾಗೆ ಕೂರುತ್ತದೆ. ರಟ್ಟೆ, ತೊಡೆ, ಕೆಲವರಿಗೆ ಕೆನ್ನೆಯಲ್ಲೂ. ಇದು ಕೊಳೆ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಹೆಚ್ಚಾಗಿ ವಂಶದಿಂದಲೇ ಬರುತ್ತದೆ. ಹರೆಯದಲ್ಲಿ ಜೋರಾಗಿ, ವಯಸ್ಸಾದ ಹಾಗೆ ಎಷ್ಟೋ ಜನರಿಗೆ ತಾನಾಗಿ ಇಳಿಯುತ್ತದೆ. ಚರ್ಮ ಒಣಗಿದರೆ ಹೆಚ್ಚುತ್ತದೆ. ನನಗಂತೂ ನಮ್ಮೂರ ಮಳೆಗಾಲದಲ್ಲಿ ಎಷ್ಟೋ ವಾಸಿ, ಎಸಿ ಆಫೀಸಿನಲ್ಲಿ ಮತ್ತೆ ಒರಟು.

ಈಗ ನೀವು ಮಾಡಬೇಕಾದ್ದು. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಮೆದು ಸೋಪು. ಟವೆಲಿನಲ್ಲಿ ತಿಕ್ಕದೆ ಒತ್ತಿ ಒರೆಸಿ. ಮೈ ಇನ್ನೂ ತುಸು ಒದ್ದೆ ಇರುವಾಗಲೇ ಯೂರಿಯಾ ಇರುವ ಕ್ರೀಮ್ ಹಚ್ಚಿ. ಶೇಕಡಾ 10ರದ್ದು ಸಾಕು. ಲ್ಯಾಕ್ಟಿಕ್ ಆಸಿಡ್ ಇರುವ ಲೋಷನ್ ಕೂಡ ಆಗುತ್ತದೆ. ಇವು ಆ ಬಿರಡೆಯನ್ನು ಮೆತ್ತಗೆ ಮಾಡುತ್ತವೆ. ಗೀರಿದ ಜಾಗಕ್ಕೆ ಹಚ್ಚಬೇಡಿ, ಉರಿಯುತ್ತದೆ. ತೆಂಗಿನೆಣ್ಣೆ ಒಣಗುವುದನ್ನು ತಡೆಯುತ್ತದೆ, ಆದರೆ ಅದೊಂದರಿಂದಲೇ ಬಿರಡೆ ಕರಗುವುದಿಲ್ಲ. ದಿನಾ ಹಚ್ಚಿದರೆ ಕೆಲವು ವಾರಗಳಲ್ಲಿ ನಯ ಆಗುವುದು ಕೈಗೆ ಗೊತ್ತಾಗುತ್ತದೆ. ಪೂರ್ತಿ ವಾಸಿಯಾಗುವುದಿಲ್ಲ, ಬಿಟ್ಟರೆ ಮೆಲ್ಲಗೆ ವಾಪಸು ಬರುತ್ತದೆ. ಇದನ್ನು ಮುಚ್ಚಿಟ್ಟು ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ. ಕಪ್ಪು ಚುಕ್ಕೆ ಹೋಗಲು ಇನ್ನೂ ಜಾಸ್ತಿ ಸಮಯ ಬೇಕು, ಅದಕ್ಕೇ ಚಿವುಟಬೇಡಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮೆಡಿಕಲ್ ಅಂಗಡಿಯಲ್ಲಿ ಸುಮ್ನೆ ಕೇಳಿಕೊಂಡು ಸ್ಟಿರಾಯ್ಡ್ ಬೆರೆಸಿದ ಟ್ಯೂಬ್ ತರಬೇಡಿ. ಡಾಕ್ಟರನ್ನು ಕೇಳದೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವೇ ತೆಳುವಾಗುತ್ತದೆ. ರಾತ್ರಿ ಹಚ್ಚುವ ರೆಟಿನಾಯ್ಡ್, ಅಂದರೆ ವಿಟಮಿನ್ ಎ ಬಗೆಯ ಕ್ರೀಮುಗಳೂ ಇವೆ. ಅವನ್ನೂ ಡಾಕ್ಟರು ಹೇಳಿದರೆ ಮಾತ್ರ, ಬಸುರಿಯರಿಗಂತೂ ಬೇಡವೇ ಬೇಡ. ಗುಳ್ಳೆಯಲ್ಲಿ ಕೀವು, ನೋವು, ಜೋರು ತುರಿಕೆ ಇದ್ದರೆ ಅದು ಬೇರೆ ಏನೋ ಇರಬಹುದು, ತೋರಿಸಿಕೊಳ್ಳಿ.

ಮದುವೆಗೆ ಎರಡು ತಿಂಗಳು ಇದೆಯಲ್ಲ, ಇವತ್ತು ರಾತ್ರಿಯಿಂದಲೇ ಹಚ್ಚಲು ಶುರು ಮಾಡಿ. ಆಮೇಲೆ ನಿಮ್ಮ ಅಮ್ಮನ ತೋಳನ್ನೂ ಒಮ್ಮೆ ಮುಟ್ಟಿ ನೋಡಿ.