ಸಂಪಾದಕರ ಉತ್ತರ: ಕಳ್ಕೊಂಡ ಬಾಟಲಿಗೆ ಹಾಡು ಯಾಕೆ ಹಾಡ್ಬೇಕು?

ನಮಸ್ಕಾರ ಸರ್,

ನಿಮ್ಮ ಪತ್ರ ಬಂತು. ಹೆಸರು ಹಾಕ್ಬೇಡಿ ಅಂದಿದ್ದೀರಿ, ಹಾಕಲ್ಲ. ಉಳಿದ ಓದುಗರಿಗೆ ವಿಷಯ ಏನಂತ ಗೊತ್ತಾಗ್ಲಿ ಅಂತ ಮೊದಲು ಪತ್ರದ ಸಾರ ಹೇಳ್ಬಿಡ್ತೀನಿ. ನೀವು ಮಗನನ್ನ ಸ್ಕೌಟ್ ಟ್ರೂಪಿಗೆ ಸೇರಿಸೋಕೆ ಹೋಗಿದ್ರಿ, ಅಲ್ಲಿ ಜನ ಇಲ್ಲ ಅಂತ ನಿಮ್ಮನ್ನೇ ಹಿಡಿದು ಅಸಿಸ್ಟೆಂಟ್ ಸ್ಕೌಟ್ ಮಾಸ್ಟರ್ ಮಾಡಿಬಿಟ್ರು (ಮುಕ್ಕಾಲು ಲೀಡರುಗಳ ಕಥೆ ಇದೇ ಬಿಡಿ). ಮೊದಲನೇ ಕ್ಯಾಂಪಲ್ಲೇ ಎರಡು ವಿಷಯ ನಿಮಗೆ ಹಿಡಿಸ್ಲಿಲ್ಲ. ಯಾರಾದ್ರೂ ಏನಾದ್ರೂ ಕಳ್ಕೊಂಡ್ರೆ ಅದನ್ನ ವಾಪಸ್ ಕೊಡೋ ಮುಂಚೆ ಎಲ್ಲರೆದುರು ನಿಲ್ಲಿಸಿ ಹಾಡಿಸ್ತಾರೆ. ಆಮೇಲೆ ಹೊಸ ಹುಡುಗರನ್ನ "ಎಡಗೈಲಿ ಹೊಗೆ ಸರಿಸೋ ಸಾಮಾನು ಇಸ್ಕೊಂಡು ಬಾ" ಅಂತ ಟೆಂಟಿಂದ ಟೆಂಟಿಗೆ ಓಡಿಸ್ತಾರೆ, ಅಂಥ ಸಾಮಾನು ಭೂಮಿ ಮೇಲೇ ಇಲ್ಲ. ನೀವು ಕೇಳಿದ್ದಕ್ಕೆ ಹಿರಿಯ ಲೀಡರ್ "ಇದು ನಮ್ಮ ಟ್ರೂಪಿನ ಸಂಪ್ರದಾಯ, ನಾವೂ ಹಾಡಿದ್ವಿ, ನಮಗೇನಾಯ್ತು" ಅಂದ್ರಂತೆ. ಅದೇ ಹಿರಿಯರಿಗೆ, ಒಬ್ಬ ಲೀಡರ್ ಒಬ್ಬ ಹುಡುಗನ ಜೊತೆ ಒಂಟಿಯಾಗಿ ಇರಬಾರದು ಅನ್ನೋ ರೂಲ್ ಮಾತ್ರ ಅವಮಾನ ಅನ್ಸುತ್ತಂತೆ. ಕೊನೆಗೆ ನೀವು ಕೇಳಿರೋದು, ಸಂಪ್ರದಾಯ ಎಲ್ಲಿವರೆಗೆ, ರೂಲ್ಸ್ ಎಲ್ಲಿವರೆಗೆ, ಇದರ ಮಧ್ಯೆ ನಮ್ಮಂಥ ದೊಡ್ಡೋರು ಮಾಡ್ಬೇಕಾದ್ದೇನು ಅಂತ.

ನನ್ನ ಅಭಿಪ್ರಾಯ ಮೊದಲೇ ಹೇಳ್ತೀನಿ, ಆಮೇಲೆ ಜಗಳ ಆಡೋಣ. ರೂಲ್ಸ್ ಹೆಚ್ಚಾಗಿ ದೊಡ್ಡೋರ ಕೈ ಕಟ್ಟೋಕೆ ಇರ್ಬೇಕು, ಸಂಪ್ರದಾಯ ಮಕ್ಕಳ ಕೈಲಿರ್ಬೇಕು. ನಿಮ್ಮ ಟ್ರೂಪಲ್ಲಿ ಎರಡೂ ಉಲ್ಟಾ ಆಗಿದೆ. ದೊಡ್ಡೋರು ಸಂಪ್ರದಾಯಕ್ಕೆ ಕಾವಲು ನಿಂತಿದ್ದಾರೆ, ರೂಲ್ಸ್ ಎಲ್ಲ ಮಕ್ಕಳ ತಲೆ ಮೇಲಿದೆ.

ಹಾಡಿನ ವಿಷಯಕ್ಕೆ ಬರೋಣ. ಇದು ನಿಮ್ಮ ಟ್ರೂಪಲ್ಲಿ ಮಾತ್ರ ಇರೋದಲ್ಲ, ಬೇಕಾದಷ್ಟು ಕಡೆ ಇದೆ, ನಾನೂ ಟ್ರೂಪ್ ನೋಡ್ಕೋತಿದ್ದ ಕಾಲದಲ್ಲಿ ಜಂಟಿ ಕ್ಯಾಂಪುಗಳಲ್ಲಿ ಕಣ್ಣಾರೆ ನೋಡಿದ್ದೀನಿ. ಬೆಳಗ್ಗೆ ಧ್ವಜ ಹಾರಿಸಿದ ಮೇಲೆ ಒಬ್ಬರು ನೀರಿನ ಬಾಟಲಿ ಎತ್ತಿ ಹಿಡಿದು "ಯಾರದ್ದಿದು" ಅಂತಾರೆ, ಗುಂಪಿನಲ್ಲಿ ಖುಷಿಯೋ ಖುಷಿ, ಚಪ್ಪಾಳೆ ಶುರು. ಮಾತುಗಾರ ಹುಡುಗ ಇದ್ದಾನಲ್ಲ, ಅವನು ಓಡಿ ಬಂದು ಸೊಂಟ ಕುಣಿಸ್ಕೊಂಡು ಹಾಡಿ ಸಲ್ಯೂಟ್ ಹೊಡೆದು ಹೋಗ್ತಾನೆ, ಮಾರನೇ ದಿನ ಬೇಕಂತಲೇ ತಟ್ಟೆ ಬಿಟ್ಟು ಬರ್ತಾನೆ. ಆಮೇಲೆ ಒಂದು ಟಾರ್ಚ್ ಎತ್ತಿ ಹಿಡೀತಾರೆ. ಯಾರೂ ಬರಲ್ಲ. ಎರಡನೇ ಸಾಲಿನಲ್ಲಿ ಒಬ್ಬ ಹುಡುಗ ಸ್ಕಾರ್ಫಿನ ತುದಿ ಬೆರಳಿಗೆ ಸುತ್ಕೊಂಡು ನೆಲ ನೋಡ್ತಾ ನಿಂತಿರ್ತಾನೆ, ಕಿವಿ ಕೆಂಪಗಾಗಿರುತ್ತೆ, ಅವನ ಪ್ಯಾಟ್ರೋಲಿನವರಿಗೆಲ್ಲ (ಟ್ರೂಪಿನೊಳಗಿನ ಸಣ್ಣ ಗುಂಪಿಗೆ ಪ್ಯಾಟ್ರೋಲ್ ಅಂತಾರೆ) ಗೊತ್ತು ಟಾರ್ಚ್ ಅವನದ್ದು ಅಂತ. ಅವನು ಅವತ್ತು ರಾತ್ರಿ ಟಾರ್ಚ್ ಇಲ್ಲದೇ ಕತ್ತಲಲ್ಲಿ ಟಾಯ್ಲೆಟ್ಟಿಗೆ ಹೋಗ್ತಾನೆ, ಇಲ್ಲಾ ಹೋಗೋದೇ ಇಲ್ಲ. ಕ್ಯಾಂಪ್ ಮುಗಿಯೋ ಹೊತ್ತಿಗೆ ವಾರಸುದಾರರಿಲ್ಲದ ಸಾಮಾನಿನ ಡಬ್ಬ ತುಂಬಿರುತ್ತೆ, ದೊಡ್ಡೋರು "ಈಗಿನ ಮಕ್ಕಳಿಗೆ ವಸ್ತುವಿನ ಬೆಲೆನೇ ಗೊತ್ತಿಲ್ಲ" ಅಂತ ಭಾಷಣ ಮಾಡ್ತಾರೆ.

ಅಲ್ಲಾ ಸರ್, ವಸ್ತು ಜೋಪಾನ ಮಾಡೋದು ಕಲಿಸೋಕೆ ಅಂತ ಶುರು ಮಾಡಿದ್ದು, ಕಲಿಸಿದ್ದೇನು? ಧೈರ್ಯ ಇರೋನಿಗೆ ಬಹುಮಾನ, ನಾಚಿಕೆಯವನಿಗೆ ಶಿಕ್ಷೆ, ಸಿಕ್ಕಿದ್ದನ್ನ ನನ್ನದು ಅಂತ ಹೇಳದೇ ಇರೋ ಬುದ್ಧಿ. ಸತ್ಯ ಹೇಳಿದೋನು ಹಾಡ್ಬೇಕು, ಸುಮ್ಮನಿದ್ದೋನು ಬಚಾವು. ಸ್ಕೌಟ್ ನಿಯಮದಲ್ಲಿ ಮೊದಲನೆಯದೇ ಸ್ಕೌಟ್ ನಂಬಿಕೆಗೆ ಅರ್ಹ ಅಂತ, ಅದನ್ನೇ ಬೆಳಗ್ಗೆ ಬೆಳಗ್ಗೆ ಧ್ವಜದ ಕೆಳಗೆ ನಿಂತು ಕೆಡಿಸ್ತಿದ್ದೀವಿ. "ನಾವೂ ಹಾಡಿದ್ವಿ" ಅನ್ನೋರೆಲ್ಲ ಟ್ರೂಪಲ್ಲಿ ಉಳ್ಕೊಂಡೋರು ಅನ್ನೋದು ಗಮನಿಸಿ. ಹಾಡೋಕಾಗದೆ ಬಿಟ್ಟು ಹೋದೋರು ಮೀಟಿಂಗಿಗೆ ಬಂದು ಸಾಕ್ಷಿ ಹೇಳಲ್ಲ.

ಇಲ್ಲದ ಸಾಮಾನು ತರೋಕೆ ಓಡಿಸೋದೂ ಇದೇ ಜಾತಿ, ಸ್ವಲ್ಪ ಮೃದು ಅಷ್ಟೇ. ನಗೋರೆಲ್ಲ ಹಳಬರು, ನಗೆಪಾಟಲಾಗೋನು ಹೊಸಬ. ಹೊಸಬನನ್ನ ಬೆದರಿಸೋದು, ಅವಮಾನ ಮಾಡೋದು ಇವೆಲ್ಲ ಸ್ಕೌಟ್ ಸಂಸ್ಥೆಗಳು ಬೇಡ ಅಂತ ಹೇಳ್ಕೊಂಡೇ ಬಂದಿವೆ. ಆದ್ರೆ ಓಡಾಟ ಇಟ್ಕೊಳ್ಳಿ, ಸಾಮಾನು ನಿಜದ್ದಾಗ್ಲಿ. ಪ್ರತಿ ಪ್ಯಾಟ್ರೋಲಿನ ಹತ್ರ ಹೋಗಿ ಅವರ ಲೀಡರ್ ಹೆಸರು ತಿಳ್ಕೊಂಡು ಒಂದೊಂದು ಗಂಟು ಕಲ್ತು ಬಾ ಅಂತ ಕಳಿಸಿ, ಅಷ್ಟೇ ಗಲಾಟೆ ಇರುತ್ತೆ, ಸಂಜೆ ಹೊತ್ತಿಗೆ ಹುಡುಗನಿಗೆ ಒಂದಷ್ಟು ಜನರ ಪರಿಚಯ ಆಗಿರುತ್ತೆ.

ನಿಮ್ಮ ಹಿರಿಯರು ಸಂಪ್ರದಾಯ ಅಂದ್ರೆ ಅಲ್ಲಾಡಿಸಬಾರದ ವಸ್ತು ಅನ್ನೋ ಹಾಗೆ ಮಾತಾಡ್ತಾರಲ್ಲ, ಅವರಿಗೆ ಸ್ಕೌಟಿಂಗಿನ ಇತಿಹಾಸವನ್ನೇ ತೋರ್ಸಿ. 1908ರಲ್ಲಿ ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ ಬರೆದ ಮೂಲ ನಿಯಮಗಳು ಒಂಬತ್ತೇ, ಹತ್ತನೆಯದು ಸೇರಿದ್ದು 1911ರಲ್ಲಿ. ಬ್ರಿಟನ್ನಿನಲ್ಲಿ 1967ರ ಸುಮಾರಿಗೆ ಅದನ್ನೂ ಏಳಕ್ಕೆ ಇಳಿಸಿದ್ರು, ಹುಡುಗರ ಚಡ್ಡಿ ಹೋಗಿ ಪ್ಯಾಂಟ್ ಬಂತು, ಸಂಸ್ಥೆ ಹೆಸರಿಂದ "ಬಾಯ್" ಅನ್ನೋದೇ ಹೋಯ್ತು. ತರಬೇತಿ ಮುಗಿಸಿದ ಲೀಡರುಗಳಿಗೆ ಕೊಡೋ ವುಡ್ ಬ್ಯಾಡ್ಜ್ ಮಣಿ ನೋಡಿ, 1919ರಲ್ಲಿ ಇಂಗ್ಲೆಂಡಿನ ಸ್ಕೌಟ್ ತರಬೇತಿ ಕೇಂದ್ರ ಗಿಲ್ವೆಲ್ ಪಾರ್ಕಿನ ಮೊದಲ ತರಬೇತಿ ಮುಗಿಸಿದೋರಿಗೆ ಕೊಟ್ಟಿದ್ದು ಬೇಡನ್ ಪೊವೆಲ್ ಆಫ್ರಿಕಾದಿಂದ ತಂದಿದ್ದ ಹಾರದ ಮಣಿಗಳು, ಜುಲು ದೊರೆ ದಿನಿಜುಲುವಿನದ್ದು ಅಂತ ಹೇಳ್ತಾರೆ. ಮೊದಮೊದಲು ಅದನ್ನ ಟೋಪಿಗೆ ಕಟ್ಕೋತಿದ್ರು, ಕೊರಳಿಗೆ ಬಂದಿದ್ದು ಆಮೇಲೆ, ಅಸಲಿ ಮಣಿ ಸಾಲದೇ ಹೋದಾಗ ಮರದಲ್ಲಿ ಕೆತ್ತಿ ಮಾಡಿದ್ರು. ಇಷ್ಟೆಲ್ಲ ಬದಲಾದ್ರೂ ಆ ಮಣಿ ಕಂಡ್ರೆ ಇವತ್ತಿಗೂ ಜಗತ್ತಿನ ಯಾವ ಮೂಲೆಯ ಲೀಡರಿಗಾದ್ರೂ ಗೌರವ ಇದೆ. ಎಡಗೈ ಕುಲುಕೋದು, ಮೂರು ಬೆರಳಿನ ಸಲ್ಯೂಟ್, ಪ್ರತಿಜ್ಞೆ, ಸ್ಕಾರ್ಫ್, ಕ್ಯಾಂಪ್ ಫೈರ್, ಇವು ಉಳಿದಿರೋದು ಯಾರೋ ಕಾವಲು ಕೂತಿದ್ದಕ್ಕಲ್ಲ, ಮಕ್ಕಳಿಗೆ ಬೇಕಾಗಿತ್ತು, ಉಳ್ಸ್ಕೊಂಡ್ರು. ಹೊಸ ಹುಡುಗಿಗೆ ಮೊದಲ ಸಲ ಸ್ಕಾರ್ಫ್ ಕಟ್ಟಿ ಪ್ಯಾಟ್ರೋಲಿನವರೆಲ್ಲ ಎಡಗೈ ಕೊಟ್ಟಾಗ ಅವಳ ಮುಖ ನೋಡಿ, ಅಲ್ಲಿ ಯಾರೂ ಸಣ್ಣವರಾಗಲ್ಲ.

ಇನ್ನು ದೊಡ್ಡೋರ ಕೆಲಸ ಏನು ಅಂದ್ರಿ. ಸ್ಕೌಟಿಂಗಲ್ಲಿ ದೊಡ್ಡೋರು ಬಂದಿದ್ದೇ ಕೊನೆಗೆ ಸರ್! 1907ರ ಆಗಸ್ಟಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಪ್ರಯೋಗದ ಕ್ಯಾಂಪ್ ಆಯ್ತಲ್ಲ, ಶ್ರೀಮಂತರ ಶಾಲೆಯ ಹುಡುಗರನ್ನೂ ದುಡಿಯೋ ಮನೆಗಳ ಹುಡುಗರನ್ನೂ ಕಲೆಸಿ ನಾಲ್ಕು ಪ್ಯಾಟ್ರೋಲ್ ಮಾಡಿದ್ರು, ಕರ್ಲ್ಯೂ, ರೇವನ್, ವುಲ್ಫ್, ಬುಲ್ ಅಂತ, ಒಂದೊಂದಕ್ಕೂ ಒಬ್ಬ ಹುಡುಗನೇ ಲೀಡರ್, ತನ್ನ ಪ್ಯಾಟ್ರೋಲಿನ ಜವಾಬ್ದಾರಿ ಪೂರ್ತಿ ಅವನದ್ದು. ಮುಂದಿನ ವರ್ಷ ಬೇಡನ್ ಪೊವೆಲ್ ಬರೆದ "ಸ್ಕೌಟಿಂಗ್ ಫಾರ್ ಬಾಯ್ಸ್" ಪುಸ್ತಕ ಹದಿನೈದು ದಿನಕ್ಕೊಂದು ಕಂತಿನಲ್ಲಿ ಬರೋಕೆ ಶುರುವಾದಾಗ ಹುಡುಗರು ಓದ್ಕೊಂಡು ತಾವೇ ಪ್ಯಾಟ್ರೋಲ್ ಕಟ್ಕೊಂಡ್ರು, ಆಮೇಲೆ ನಮಗೊಬ್ಬ ಸ್ಕೌಟ್ ಮಾಸ್ಟರ್ ಬೇಕು ಅಂತ ದೊಡ್ಡೋರನ್ನ ಹುಡುಕಿದ್ರು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ರ‍್ಯಾಲಿಗೆ ಹುಡುಗಿಯರೂ ಸ್ಕೌಟ್ ಡ್ರೆಸ್ ಹಾಕ್ಕೊಂಡು ಬಂದು ನಿಂತ್ರು, ಅವರನ್ನ ಯಾರೂ ಕರೆದಿರಲಿಲ್ಲ, ಹುಡುಗಿಯರದ್ದೇ ಆದ ಗೈಡಿಂಗ್ ಹುಟ್ಟಿದ್ದು ಅದರ ಮುಂದಿನ ವರ್ಷ. 1908ರ ನಿಯಮದಲ್ಲಿ ಯಾರ ಮಾತು ಕೇಳ್ಬೇಕು ಅನ್ನೋ ಕಡೆ ಪ್ಯಾಟ್ರೋಲ್ ಲೀಡರ್ ಮೊದಲು ಬರ್ತಾನೆ, ಸ್ಕೌಟ್ ಮಾಸ್ಟರ್ ಆಮೇಲೆ. ನಾವು ಇದನ್ನ ಮರೆತು, ಮೆನು ಯಾವುದು, ಆಟ ಯಾವುದು, ಯಾವ ದಾರಿಲಿ ಹೈಕ್ (ಕಾಲ್ನಡಿಗೆ), ಪಾತ್ರೆ ತೊಳೆಯೋ ಸರದಿ ಯಾರದ್ದು ಅಂತ ಎಲ್ಲ ವಾಟ್ಸ್ಯಾಪ್ ಗ್ರೂಪಲ್ಲಿ ದೊಡ್ಡೋರೇ ಡಿಸೈಡ್ ಮಾಡಿ ಮಕ್ಕಳಿಗೆ ಪಿಡಿಎಫ್ ಕಳಿಸ್ತೀವಿ. ಆಮೇಲೆ "ಇವರಿಗೆ ಇನಿಷಿಯೇಟಿವ್ ಇಲ್ಲ" ಅಂತೀವಿ.

ನಿಮ್ಮಲ್ಲಿ ಪ್ಯಾಟ್ರೋಲ್ ಲೀಡರುಗಳ ಮೀಟಿಂಗ್ ನಡೆಯುತ್ತೆ, ಆದ್ರೆ ಮಕ್ಕಳು ಬಾಯೇ ಬಿಡಲ್ಲ ಅಂತ ಬರೆದಿದ್ದೀರಿ. ಮುಂದಿನ ಸಲ ಟೇಬಲ್ಲಿನಿಂದ ದೂರ, ಅವರ ಬೆನ್ನ ಹಿಂದೆ ಕೂತ್ಕೊಳ್ಳಿ, ಸೀನಿಯರ್ ಹುಡುಗ ಮೀಟಿಂಗ್ ನಡೆಸ್ಲಿ. ಅವನು "ಮುಂದಿನ ತಿಂಗಳು ಏನ್ ಮಾಡೋಣ" ಅಂತಾನೆ, ಯಾರೂ ಮಾತಾಡಲ್ಲ, ಎಲ್ಲರೂ ತಿರುಗಿ ನಿಮ್ಮ ಮುಖ ನೋಡ್ತಾರೆ. ಆಗ ನೀವು ಏನೂ ಹೇಳ್ಬೇಡಿ, ನೋಟ್‌ಬುಕ್ ನೋಡ್ತಾ ಇರಿ, ತುಂಬಾ ಕಷ್ಟ ಆಗುತ್ತೆ, ನಾಲಿಗೆ ತುದಿಗೆ ಮೂರು ಐಡಿಯಾ ಬಂದು ನಿಂತಿರುತ್ತೆ, ಆದ್ರೂ ಬೇಡ. ಸ್ವಲ್ಪ ಹೊತ್ತಾದ ಮೇಲೆ ಯಾರೋ ಒಬ್ಬ ಪೆದ್ದು ಐಡಿಯಾ ಹೇಳ್ತಾನೆ, ಇನ್ನೊಬ್ಬ ಅದಕ್ಕೆ ನಗ್ತಾನೆ, ಮೂರನೆಯವಳು ಅದನ್ನೇ ಸ್ವಲ್ಪ ತಿದ್ದಿ ಹೇಳ್ತಾಳೆ, ಮೀಟಿಂಗ್ ಶುರುವಾಯ್ತು. ಅಡುಗೆ ಸೀದೋಗುತ್ತೆ, ಹೈಕಲ್ಲಿ ದಾರಿ ತಪ್ಪಿ ಒಂದು ಗಂಟೆ ಸುತ್ತಿ ಬರ್ತಾರೆ, ಆಗ್ಲಿ. ಸೀದ ಪಾತ್ರೆ ಉಜ್ಜಿದ ಪ್ಯಾಟ್ರೋಲ್ ಮುಂದಿನ ಸಲ ಉರಿ ಸಣ್ಣ ಮಾಡೋದು ತಾನಾಗೇ ಕಲಿಯುತ್ತೆ.

ಹಾಗಂತ ಎಲ್ಲ ಮಕ್ಕಳಿಗೇ ಬಿಡಿ ಅಂತಿಲ್ಲ. ನೀರು, ಬೆಂಕಿ, ಕೊಡಲಿ, ವಾಹನ, ಔಷಧಿ, ಯಾರು ಯಾವ ಟೆಂಟಲ್ಲಿ ಮಲಗ್ತಾರೆ, ಇವು ದೊಡ್ಡೋರ ಜವಾಬ್ದಾರಿ, ಇಲ್ಲಿ ವೋಟಿಂಗ್ ಇಲ್ಲ. 1912ರ ಆಗಸ್ಟಲ್ಲಿ ಇಂಗ್ಲೆಂಡಿನ ಲೇಸ್‌ಡೌನ್ ಹತ್ರ ಕ್ಯಾಂಪಿಗೆ ಹೊರಟ ಸ್ಕೌಟುಗಳ ದೋಣಿ ಮಗುಚಿ 9 ಹುಡುಗರು ಸತ್ರು. ಸ್ಕೌಟಿಂಗ್ ಶುರುವಾಗಿ ಇನ್ನೂ ಐದು ವರ್ಷ ಆಗಿತ್ತಷ್ಟೇ. ಲೈಫ್ ಜಾಕೆಟ್ ಹಾಕ್ಕೊಳ್ಳಿ ಅಂದ್ರೆ ಮುಖ ಸಿಂಡರಿಸೋ ಲೀಡರುಗಳಿಗೆ ನಾನು ಈ ಕಥೆ ಹೇಳ್ತೀನಿ.

ಇನ್ನು ಒಂಟಿಯಾಗಿ ಇರಬಾರದು ಅನ್ನೋ ರೂಲ್. ನಿಮ್ಮ ಹಿರಿಯರಿಗೆ ನೋವಾಗಿದೆ, ಇಷ್ಟು ವರ್ಷ ಕೈಯಿಂದ ದುಡ್ಡು ಹಾಕಿ, ರಜೆ ಹಾಕಿ ಮಾಡಿದೋರಿಗೆ "ನಿಮ್ಮ ಬ್ಯಾಕ್‌ಗ್ರೌಂಡ್ ಚೆಕ್ ಮಾಡ್ಬೇಕು" ಅಂದ್ರೆ ಚುಚ್ಚುತ್ತೆ, ಅರ್ಥ ಆಗುತ್ತೆ ನಂಗೆ. ಆದ್ರೂ ಇದರಲ್ಲಿ ರಿಯಾಯಿತಿ ಇಲ್ಲ. ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆ 2020ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕ್ತು, ಕಾರಣ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸುಗಳು, ಪರಿಹಾರ ಕೇಳಿ ಬಂದವರು 82,000ಕ್ಕೂ ಹೆಚ್ಚು ಜನ. ಹತ್ತಾರು ವರ್ಷ ಸುಮ್ಮನಿದ್ದ ಮಕ್ಕಳು ಅವರೆಲ್ಲ, ಬಾಯಿ ಬಿಡೋ ಹೊತ್ತಿಗೆ ಎಷ್ಟೋ ಜನಕ್ಕೆ ತಲೆ ನೆರೆತಿತ್ತು. ಅಂಥ ಲೀಡರುಗಳನ್ನೂ ಒಳ್ಳೆಯವರು ಅಂತ ನಂಬಿಯೇ ಅಪ್ಪ ಅಮ್ಮ ಕಳಿಸಿದ್ದು. ನಿಮ್ಮ ಹಿರಿಯರು ನಿಜವಾಗ್ಲೂ ಒಳ್ಳೆಯವರೇ ಇರ್ಬಹುದು, ಆದ್ರೆ ಒಳ್ಳೆಯವರು ರೂಲ್ ಮುರಿದು ಅಭ್ಯಾಸ ಮಾಡಿಬಿಟ್ರೆ ನಾಳೆ ಕೆಟ್ಟೋನು ಬಂದಾಗ ಯಾರಿಗೂ ಅನುಮಾನವೇ ಬರಲ್ಲ, ಇಲ್ಲೆಲ್ಲ ಹೀಗೇ ಅಲ್ವಾ ಅನ್ಕೋತಾರೆ. ಈ ರೂಲ್ ಪಾಲಿಸೋದು ಕಷ್ಟವೂ ಅಲ್ಲ. ಪ್ರತಿ ಕಾರ್ಯಕ್ರಮದಲ್ಲಿ ಕನಿಷ್ಠ ಇಬ್ಬರು ದೊಡ್ಡೋರು. ಹುಡುಗ ಏನೋ ಹೇಳ್ಕೋಬೇಕು ಅಂದ್ರೆ ಮೈದಾನದ ಅಂಚಿನಲ್ಲಿ ಕೂತು ಕೇಳಿ, ಮಾತು ಬೇರೆಯವರ ಕಿವಿಗೆ ಬೀಳ್ಬಾರದು, ಆದ್ರೆ ನೀವಿಬ್ರೂ ಎಲ್ಲರ ಕಣ್ಣಿಗೆ ಬೀಳ್ಬೇಕು. ಫೋನಲ್ಲಿ ಮೆಸೇಜ್ ಮಾಡಿದ್ರೆ ಇನ್ನೊಬ್ಬ ಲೀಡರೋ ಪೋಷಕರೋ ಅದರಲ್ಲಿ ಇರ್ಲಿ. ದೊಡ್ಡೋರ ಟೆಂಟ್ ಬೇರೆ, ಮಕ್ಕಳ ಟೆಂಟ್ ಬೇರೆ. ಇನ್ನೊಂದು ಮಾತು, ಈ ರೂಲ್ ಮಕ್ಕಳಿಗೂ ಗೊತ್ತಿರ್ಬೇಕು, ಗೋಡೆಗೆ ಅಂಟಿಸಿ, ಲೀಡರ್ ಮುರಿದ್ರೆ ಯಾರಿಗೆ ಹೇಳ್ಬೇಕು ಅನ್ನೋದೂ ಅದರಲ್ಲಿರ್ಲಿ.

ಎಲ್ಲೂ ಬರೆದಿಲ್ಲದ ರೂಲ್ಸ್ ಬೇರೆ ಇರುತ್ತೆ, ಅದು ನನಗೆ ತಲೆನೋವು. ಬ್ಯಾಡ್ಜಿಗೆ ಪುಸ್ತಕದಲ್ಲಿಲ್ಲದ ಕಂಡೀಷನ್, ವಾಗಲ್ (ಸ್ಕಾರ್ಫ್ ಹಿಡಿದಿಡೋ ಬಳೆ) ಇದೇ ಬಣ್ಣ ಇರ್ಬೇಕು, ಲೇಟಾದ್ರೆ ಪುಷ್ ಅಪ್. ಹೀಗೆ ಯಾರಾದ್ರೂ ಹೇಳಿದ್ರೆ ಜಗಳ ಬೇಡ, ಇದು ಯಾವ ಪುಟದಲ್ಲಿದೆ ಸರ್, ನಾನೂ ಓದ್ಕೋತೀನಿ ಅಂತ ವಿನಯವಾಗಿ ಕೇಳಿ. ಅರ್ಧಕ್ಕರ್ಧ ರೂಲ್ಸ್ ಅಲ್ಲೇ ಮಾಯ.

ಈಗ ನಿಮ್ಮ ಟ್ರೂಪಲ್ಲಿ ಏನ್ ಮಾಡ್ಬಹುದು ಅಂದ್ರೆ, ಮೊದಲು ಹಿರಿಯರ ಹತ್ರ ಬೇರೆಯಾಗಿ ಮಾತಾಡಿ, ಮಕ್ಕಳೆದುರು ಬೇಡ. ಯಾರನ್ನೂ ಬಲವಂತವಾಗಿ ಹಾಡಿಸೋದು ಇವತ್ತಿಂದ ಬಂದ್ ಅನ್ನೋದು ದೊಡ್ಡೋರು ದೊಡ್ಡೋರಿಗೆ ಹಾಕ್ಕೊಳ್ಳೋ ರೂಲ್, ಅದನ್ನ ನೀವು ನಾಲ್ಕು ಜನ ಕೂತು ತೀರ್ಮಾನ ಮಾಡಿ. ಅದರ ಜಾಗಕ್ಕೆ ಏನು ಬರ್ಬೇಕು ಅನ್ನೋದನ್ನ ಪ್ಯಾಟ್ರೋಲ್ ಲೀಡರುಗಳಿಗೆ ಬಿಡಿ. ಒಂದು ಡಬ್ಬ ಇಟ್ಟು ಬಂದು ತಗೊಂಡು ಹೋಗಿ ಅನ್ಬಹುದು, ಇಲ್ಲಾ ಕ್ಯಾಂಪ್ ಫೈರಲ್ಲಿ ಇಷ್ಟ ಇರೋರೆಲ್ಲ ಸೇರಿ ಹಾಡೋಣ ಅನ್ಬಹುದು, ಆ ಸೊಂಟ ಕುಣಿಸೋ ಹುಡುಗನಿಗೂ ಒಂದು ಸ್ಟೇಜ್ ಬೇಕಲ್ಲ! ಹಿರಿಯರಿಗೆ ಕೈ ತುಂಬ ಕೆಲಸ ಕೊಡಿ. ಅವರಿಗೆ ಲ್ಯಾಶಿಂಗ್ (ಕೋಲುಗಳನ್ನ ಹಗ್ಗದಲ್ಲಿ ಬಿಗಿಯೋದು) ಅದ್ಭುತವಾಗಿ ಬರುತ್ತೆ ಅಂತ ನೀವೇ ಬರೆದಿದ್ದೀರಿ, ಪ್ಯಾಟ್ರೋಲ್ ಲೀಡರುಗಳಿಗೆ ಅದನ್ನ ಕಲಿಸ್ಲಿ, ಅವರು ತಮ್ಮ ಪ್ಯಾಟ್ರೋಲಿಗೆ ಕಲಿಸ್ತಾರೆ.

ಲೀಡರುಗಳು ಸಿಗಲ್ಲ ಅನ್ನೋ ಮಾತಿಗೆ ಚುಟುಕಾಗಿ ಹೇಳ್ತೀನಿ, ಈ ಸಂಚಿಕೆಯಲ್ಲಿ ಜಾಗ ಕಡಿಮೆ. "ಯಾರಾದ್ರೂ ವಾಲಂಟಿಯರ್ ಆಗ್ತೀರಾ" ಅಂತ ಗ್ರೂಪಲ್ಲಿ ಹಾಕಿದ್ರೆ ಯಾರೂ ಬರಲ್ಲ, ಎಲ್ಲರೂ ನೋಡಿ ಸುಮ್ಮನಾಗ್ತಾರೆ. ಒಬ್ಬರನ್ನೇ ಹಿಡ್ಕೊಂಡು, ಅಮ್ಮಾ ನೀವು ನರ್ಸ್ ಅಲ್ವಾ, ಮುಂದಿನ ತಿಂಗಳು ಒಂದು ಶನಿವಾರ ಎರಡು ಗಂಟೆ ಫಸ್ಟ್ ಏಯ್ಡ್ ಹೇಳ್ಕೊಡ್ತೀರಾ ಅಂತ ಕೇಳಿ. ಬರ್ತಾರೆ. ಬ್ಯಾಕ್‌ಗ್ರೌಂಡ್ ಚೆಕ್, ತರಬೇತಿ ಎಲ್ಲ ಅವರಿಗೂ ಇದೆ ಅಂತ ಅವತ್ತೇ ಹೇಳ್ಬಿಡಿ.

ಇಂತಿ,
ಸಂಪಾದಕ