ಹಳೆಯ ಎನ್‌ಬಿಎ ಸೆಂಟರ್‌ಗಳು ಎತ್ತರದ ಬಲದಿಂದಷ್ಟೇ ಗೆದ್ದರೇ?

ಬಿಲ್ ರಸೆಲ್, ವಿಲ್ಟ್ ಚೇಂಬರ್ಲೇನ್, ಕರೀಮ್ ಅಬ್ದುಲ್ ಜಬ್ಬಾರ್, ಹಕೀಮ್ ಒಲಾಜುವನ್ ಮುಂತಾದ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಹಿಂದಿನ ತಲೆಮಾರುಗಳ ಸೆಂಟರ್‌ಗಳು (ಬುಟ್ಟಿಯ ಬಳಿ ಆಡುವ, ಸಾಮಾನ್ಯವಾಗಿ ತಂಡದ ಅತಿ ಎತ್ತರದ ಆಟಗಾರರು) ತುಂಬ ಎತ್ತರವಾಗಿದ್ದರು ಎಂಬುದನ್ನು ಬಿಟ್ಟರೆ ಅವರ ಆಟದಲ್ಲಿ ನಿಜವಾದ ಶೈಲಿಭೇದ ಇತ್ತೇ ಎಂದು ನೀವು ಕೇಳಿದ್ದೀರಿ. ಖಂಡಿತ ಇತ್ತು. ಒಬ್ಬರು ಗೆದ್ದ ರೀತಿಯಲ್ಲಿ ಇನ್ನೊಬ್ಬರು ಗೆಲ್ಲಲು ಸಾಧ್ಯವೇ ಇರಲಿಲ್ಲ ಎನ್ನುವಷ್ಟು ಇತ್ತು. ನಾನು ಕಾಲೇಜು ತಂಡದಲ್ಲಿ ಇದೇ ಸ್ಥಾನದಲ್ಲಿ ಆಡಿದವನು. ಹಳೆಯ ಪಂದ್ಯಗಳ ದೃಶ್ಯಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡುವ ಅಭ್ಯಾಸ ಈಗಲೂ ಇದೆ. ನನಗೆ ತಿಳಿದಂತೆ, ಎತ್ತರದಿಂದ ಅನಾಯಾಸವಾಗಿ ಸಿಗುತ್ತಿದ್ದ ಲಾಭವನ್ನು ನಿಯಮಗಳು ಒಂದೊಂದಾಗಿ ಕಸಿದುಕೊಳ್ಳುತ್ತ ಬಂದವು, ಹಾಗೆ ಕಸಿದುಕೊಂಡ ಮೇಲೂ ಉಳಿಯುವಂಥ ಕೌಶಲವನ್ನು ಪ್ರತಿಯೊಬ್ಬರೂ ತಮಗೆ ಒಗ್ಗುವ ದಾರಿಯಲ್ಲಿ ರೂಢಿಸಿಕೊಂಡರು.

ಈ ಕಥೆ ಜಾರ್ಜ್ ಮೈಕನ್‌ನಿಂದ ಆರಂಭವಾಗುತ್ತದೆ. ಆರು ಅಡಿ ಹತ್ತು ಅಂಗುಲ ಎತ್ತರದ, ದಪ್ಪ ಕನ್ನಡಕ ಧರಿಸಿ ಆಡುತ್ತಿದ್ದ ಮೈಕನ್ ಡಿಪಾಲ್ ವಿಶ್ವವಿದ್ಯಾಲಯಕ್ಕೆ ಬಂದಾಗ ಚುರುಕಿಲ್ಲದ ಹುಡುಗ ಎನಿಸಿಕೊಂಡಿದ್ದವನು. ಬುಟ್ಟಿಯತ್ತ ಇಳಿಯುತ್ತಿರುವ ಚೆಂಡನ್ನು ಕೈಯೆತ್ತಿ ತಡೆಯುವುದನ್ನು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ 1944ರಲ್ಲಿ ನಿಷೇಧಿಸಿದ್ದು ಅವನಂಥ ಎತ್ತರದ ಆಟಗಾರರಿಂದಾಗಿಯೇ. ಅವನು ಮಿನ್ನಿಯಾಪೊಲಿಸ್ ಲೇಕರ್ಸ್ ತಂಡಕ್ಕೆ ಆಡುತ್ತಿದ್ದಾಗ, 1951ರಲ್ಲಿ, ದಾಳಿ ಮಾಡುವ ತಂಡದವರು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದ, ಬುಟ್ಟಿಯ ಮುಂದಿನ ಲೇನ್ ಅನ್ನು ಎನ್‌ಬಿಎ ಆರು ಅಡಿಯಿಂದ ಹನ್ನೆರಡು ಅಡಿಗೆ ಅಗಲಿಸಿತು. ಬುಟ್ಟಿಯ ಕೆಳಗೆ ಬೀಡುಬಿಟ್ಟು ನಿಲ್ಲುವುದಕ್ಕೆ ಅಲ್ಲಿಗೆ ತಡೆ ಬಿತ್ತು. ಆದರೂ ಅವನ ಆಟ ಕುಸಿಯಲಿಲ್ಲ, ಏಕೆಂದರೆ ಅವನಿಗೆ ಎರಡೂ ಕೈಗಳಿಂದ ಹುಕ್ ಶಾಟ್ (ಪಕ್ಕಕ್ಕೆ ತಿರುಗಿ ಒಂದು ಕೈಯನ್ನು ತಲೆಯ ಮೇಲಿಂದ ಕಮಾನಿನಂತೆ ಬೀಸಿ ಹಾಕುವ ಶಾಟ್) ಬರುತ್ತಿತ್ತು. ಬುಟ್ಟಿಯ ಬಲಕ್ಕೆ ಒಂದು, ಎಡಕ್ಕೆ ಒಂದು ಎಂದು ಚೆಂಡನ್ನು ಕೆಳಗಿಳಿಸದೆ ಕೈ ಬದಲಿಸುತ್ತ ಹಾಕುವ ಅಭ್ಯಾಸಕ್ಕೆ ಇಂದಿಗೂ ಅವನದೇ ಹೆಸರಿದೆ. ನಮ್ಮಲ್ಲಿಯೂ ಎತ್ತರದ ಮಕ್ಕಳಿಗೆ ಕೋಚ್‌ಗಳು ಮೊದಲು ಮಾಡಿಸುವುದು ಮೈಕನ್ ಡ್ರಿಲ್.

ರಸೆಲ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅಂಕಪಟ್ಟಿ ಮಾತ್ರ ನೋಡುವವರಿಗೆ ಅವರು ಕಾಣಿಸುವುದೇ ಇಲ್ಲ. ಬಾಸ್ಟನ್ ಸೆಲ್ಟಿಕ್ಸ್ ಪರವಾಗಿ 1956ರಿಂದ 1969ರವರೆಗೆ 13 ಋತುಗಳನ್ನು ಆಡಿ 11 ಚಾಂಪಿಯನ್‌ಷಿಪ್ ಗೆದ್ದ ಈ ಮನುಷ್ಯನ ಸರಾಸರಿ ಪಂದ್ಯಕ್ಕೆ 15.1 ಅಂಕ ಮಾತ್ರ, ಆದರೆ ರಿಬೌಂಡ್‌ಗಳು (ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು) 22.5. ಎದುರಾಳಿಯ ಶಾಟ್ ಅನ್ನು ಗಾಳಿಯಲ್ಲೇ ತಡೆಯುವ ಅವರ ಬ್ಲಾಕ್‌ಗಳ ಅಧಿಕೃತ ಲೆಕ್ಕವಂತೂ ಎಲ್ಲಿಯೂ ಇಲ್ಲ, ಏಕೆಂದರೆ ಎನ್‌ಬಿಎ ಬ್ಲಾಕ್‌ಗಳನ್ನು ದಾಖಲಿಸಲು ಆರಂಭಿಸಿದ್ದೇ 1973–74ರ ಋತುವಿನಲ್ಲಿ. ರಸೆಲ್ ಎಡಗೈ ಆಟಗಾರ. ಬಲಗೈಯಿಂದ ಶಾಟ್ ಹೊಡೆಯುವವನಿಗೆ ಮುಖಾಮುಖಿಯಾಗಿ ನಿಂತಾಗ ರಕ್ಷಕನ ಎಡಗೈ ಚೆಂಡಿನ ನೇರಕ್ಕೇ ಬರುತ್ತದೆ ಎಂಬುದನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಬಲಗೈ ರಕ್ಷಕನಂತೆ ಅವರು ಮೈಯನ್ನು ಅಡ್ಡ ಚಾಚಬೇಕಾಗಿರಲಿಲ್ಲ. ಅದಕ್ಕಿಂತ ಮುಖ್ಯವಾದದ್ದು ತಡೆದ ಚೆಂಡನ್ನು ಅವರು ಏನು ಮಾಡುತ್ತಿದ್ದರು ಎಂಬುದು. ಚೆಂಡನ್ನು ಬಲವಾಗಿ ಬಡಿದು ಪ್ರೇಕ್ಷಕರತ್ತ ಕಳಿಸಿದರೆ ಚಪ್ಪಾಳೆ ಬೀಳುತ್ತದೆ, ಆದರೆ ಚೆಂಡು ಮತ್ತೆ ಎದುರಾಳಿಯ ಪಾಲಾಗುತ್ತದೆ. ರಸೆಲ್ ಅದನ್ನು ಮೆಲ್ಲನೆ ತಟ್ಟಿ ಅಂಕಣದೊಳಗೇ ಉಳಿಸಿ ತಮ್ಮವರ ಕೈಗೆ ಸಿಗುವಂತೆ ಮಾಡುತ್ತಿದ್ದರು. ಅಲ್ಲಿಂದ ಬಾಬ್ ಕೂಸಿಯಂಥ ಗಾರ್ಡ್ (ಚೆಂಡನ್ನು ಮುಂದೊಯ್ಯುವ ಆಟಗಾರ) ಚೆಂಡನ್ನು ಹಿಡಿದು, ಶಾಟ್ ಹೊಡೆದವನು ಹಿಂದಿರುಗಿ ಓಡುವ ಮೊದಲೇ ಇನ್ನೊಂದು ತುದಿ ತಲುಪಿಬಿಡುತ್ತಿದ್ದ. ಒಂದೇ ಬ್ಲಾಕ್ ಎದುರಾಳಿಯ ಎರಡು ಅಂಕಗಳನ್ನು ತಪ್ಪಿಸಿ ತನ್ನ ತಂಡಕ್ಕೆ ಎರಡು ಅಂಕಗಳನ್ನು ತರುವ ಈ ಲೆಕ್ಕಾಚಾರ ಆ ಕಾಲಕ್ಕೆ ಹೊಸದು. ಹಿಂದೆ ರಸೆಲ್ ಇದ್ದಾರೆ ಎಂಬ ಧೈರ್ಯದಿಂದ ಉಳಿದ ನಾಲ್ವರು ಹೊರವಲಯದಲ್ಲಿ ಎದುರಾಳಿಗಳ ಮೇಲೆ ಮುಗಿಬೀಳಬಹುದಿತ್ತು. ರಕ್ಷಣೆಯೊಂದನ್ನೇ ಕೇಳಿದರೆ ನಾನು ಅವರಿಗಿಂತ ಮೇಲೆ ಯಾರನ್ನೂ ಇಡುವುದಿಲ್ಲ.

ಚೇಂಬರ್ಲೇನ್ ಇದಕ್ಕೆ ತದ್ವಿರುದ್ಧ ಎಂದು ಜನ ಹೇಳುತ್ತಾರೆ. ಅದು ಅರ್ಧ ಸತ್ಯ. ಏಳು ಅಡಿ ಒಂದು ಅಂಗುಲದ, ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಎತ್ತರ ಜಿಗಿತದಲ್ಲೂ ಹೆಸರು ಮಾಡಿದ್ದ ಈ ಆಟಗಾರ 1961–62ರಲ್ಲಿ ಪಂದ್ಯಕ್ಕೆ ಸರಾಸರಿ 50.4 ಅಂಕ ಗಳಿಸಿದರು. 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧ 100 ಅಂಕ ಗಳಿಸಿದರು. ಇಷ್ಟು ಬಲವಿದ್ದವನು ಪ್ರತಿ ಬಾರಿಯೂ ನುಗ್ಗಿ ಡಂಕ್ ಮಾಡುತ್ತಿದ್ದನೆಂದು (ಚೆಂಡನ್ನು ಮೇಲಿನಿಂದ ಬುಟ್ಟಿಯೊಳಕ್ಕೇ ಅದುಮುತ್ತಿದ್ದನೆಂದು) ಯಾರಾದರೂ ಊಹಿಸಬಹುದು, ಆದರೆ ಅವರಿಗೆ ಪ್ರಿಯವಾಗಿದ್ದದ್ದು ಬುಟ್ಟಿಯಿಂದ ದೂರ ವಾಲುತ್ತ ಬೋರ್ಡಿಗೆ ತಾಗಿಸಿ ಹಾಕುವ ಫೇಡ್‌ಅವೇ ಮತ್ತು ಬೆರಳ ತುದಿಯಿಂದ ಚೆಂಡನ್ನು ಉರುಳಿಸಿಬಿಡುವ ಫಿಂಗರ್ ರೋಲ್. ಶಕ್ತಿಯಿಂದಲ್ಲ, ಕೌಶಲದಿಂದ ಗೆಲ್ಲುತ್ತೇನೆಂದು ತೋರಿಸುವ ಹಂಬಲ ಆ ಶಾಟ್‌ಗಳಲ್ಲಿ ನನಗೆ ಕಾಣುತ್ತದೆ. ಆದರೆ ಅದಕ್ಕೆ ಬೆಲೆಯೂ ಇತ್ತು: ಹಿಂದಕ್ಕೆ ವಾಲಿದ ಮೇಲೆ, ಶಾಟ್ ತಪ್ಪಿದರೆ ಜಗತ್ತಿನ ಅತ್ಯುತ್ತಮ ರಿಬೌಂಡರ್ ರಿಬೌಂಡಿನ ಜಾಗದಲ್ಲೇ ಇರುತ್ತಿರಲಿಲ್ಲ. 1964ರಲ್ಲಿ ಲೇನ್ ಮತ್ತೆ ಅಗಲವಾಗಿ ಹದಿನಾರು ಅಡಿಯಾಯಿತು. 1966–67ರಲ್ಲಿ ಕೋಚ್ ಅಲೆಕ್ಸ್ ಹ್ಯಾನಮ್ ಅವರ ಮಾತಿಗೆ ಒಪ್ಪಿ ಚೇಂಬರ್ಲೇನ್ ಶಾಟ್‌ಗಳನ್ನು ಕಡಿಮೆ ಮಾಡಿ, ಪೋಸ್ಟ್‌ನಲ್ಲಿ (ಬುಟ್ಟಿಯ ಹತ್ತಿರ) ಚೆಂಡು ಹಿಡಿದು ಜೊತೆಗಾರರಿಗೆ ಹಂಚತೊಡಗಿದರು. ಅವರ ತಂಡ ಫಿಲಡೆಲ್ಫಿಯಾ 68 ಪಂದ್ಯಗಳನ್ನು ಗೆದ್ದು, ಸತತ ಎಂಟು ವರ್ಷಗಳಿಂದ ಬಾಸ್ಟನ್ ಕೈಯಲ್ಲಿದ್ದ ಪ್ರಶಸ್ತಿಯನ್ನು ಕಿತ್ತುಕೊಂಡಿತು. ಮರುವರ್ಷ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು ಅಸಿಸ್ಟ್ (ಜೊತೆಗಾರನ ಅಂಕಕ್ಕೆ ದಾರಿಯಾದ ಪಾಸ್) ಕೊಟ್ಟವರು ಇದೇ ಸೆಂಟರ್. ನೂರು ಅಂಕದ ರಾತ್ರಿಗಿಂತ ಈ ಬದಲಾವಣೆಯನ್ನು ನಾನು ದೊಡ್ಡದೆಂದು ಎಣಿಸುತ್ತೇನೆ.

ಕರೀಮ್ ಇನ್ನೂ ಲ್ಯೂ ಆಲ್ಸಿಂಡರ್ ಎಂಬ ಹೆಸರಿನಲ್ಲಿ ಯುಸಿಎಲ್‌ಎ ತಂಡಕ್ಕೆ ಆಡುತ್ತಿದ್ದಾಗ, 1967ರಲ್ಲಿ, ಕಾಲೇಜು ಬ್ಯಾಸ್ಕೆಟ್‌ಬಾಲ್ ಡಂಕ್ ಅನ್ನೇ ನಿಷೇಧಿಸಿತು. ಮೈಕನ್ ಡ್ರಿಲ್ ಮಾಡುತ್ತ ಬಾಲ್ಯದಲ್ಲಿ ಕಲಿತಿದ್ದ ಹುಕ್ ಶಾಟ್ ಅವರ ಕೈಯಲ್ಲಿ ಸ್ಕೈಹುಕ್ ಆಗಿ ಬೆಳೆಯಲು ಈ ನಿಷೇಧವೂ ನೆರವಾಯಿತು. ಆ ಶಾಟ್ ಹೀಗಿರುತ್ತದೆ: ಬೆನ್ನು ಬುಟ್ಟಿಯ ಕಡೆಗಿರುವಾಗ ಚೆಂಡು ಹಿಡಿದು, ಎಡಗಾಲನ್ನು ಲೇನ್‌ನೊಳಕ್ಕೆ ಇಟ್ಟು, ಅದರ ಮೇಲೆಯೇ ಜಿಗಿಯುತ್ತಾರೆ; ಎಡಭುಜ ಮತ್ತು ಮಡಿಸಿದ ಎಡಗೈ ರಕ್ಷಕನಿಗೂ ಚೆಂಡಿಗೂ ನಡುವೆ ಅಡ್ಡವಾಗಿ ನಿಲ್ಲುತ್ತವೆ; ಬಲಗೈ ಪೂರ್ತಿ ಚಾಚಿಕೊಂಡು ಮೇಲೇರುತ್ತದೆ; ಜಿಗಿತದ ತುತ್ತತುದಿಯಲ್ಲಿ ಮಣಿಕಟ್ಟು ಮಾತ್ರ ಬಾಗಿ ಚೆಂಡು ಕೈಬಿಡುತ್ತದೆ. ಏಳು ಅಡಿ ಎರಡು ಅಂಗುಲದ ದೇಹದ ಪೂರ್ತಿ ಅಗಲವನ್ನು ದಾಟದೆ ಆ ಚೆಂಡನ್ನು ಮುಟ್ಟಲಾಗದು. 1974ರ ಫೈನಲ್ಸ್‌ನ ಆರನೇ ಪಂದ್ಯದಲ್ಲಿ, ಬಾಸ್ಟನ್ ಗಾರ್ಡನ್‌ನಲ್ಲಿ, ಎರಡನೇ ಹೆಚ್ಚುವರಿ ಅವಧಿಯ ಕೊನೆಯ ಕ್ಷಣಗಳಲ್ಲಿ ಅವರ ತಂಡ ಮಿಲ್ವಾಕೀ ಒಂದು ಅಂಕದಿಂದ ಹಿಂದಿದ್ದಾಗ ಬಲಗಡೆಯ ಬೇಸ್‌ಲೈನ್ (ಬುಟ್ಟಿಯ ಹಿಂದಿನ ಅಂಚುಗೆರೆ) ಬಳಿಯಿಂದ ಅವರು ಹಾಕಿದ್ದೂ ಇದೇ ಶಾಟ್. ಪಂದ್ಯ 102–101ಕ್ಕೆ ಮುಗಿಯಿತು. ಓಟ, ಜಿಗಿತಗಳನ್ನು ಅಷ್ಟಾಗಿ ನೆಚ್ಚಿಕೊಳ್ಳದ ಕಲೆಯಾದ್ದರಿಂದ ಅದಕ್ಕೆ ಮುಪ್ಪು ಬರಲಿಲ್ಲ: 1985ರಲ್ಲಿ, 38ನೇ ವಯಸ್ಸಿನಲ್ಲಿ, ಕರೀಮ್ ಫೈನಲ್ಸ್‌ನ ಶ್ರೇಷ್ಠ ಆಟಗಾರ ಎನಿಸಿದರು.

ಬಿಲ್ ವಾಲ್ಟನ್ ಮತ್ತು ಮೋಸಸ್ ಮಲೋನ್ ಇಬ್ಬರನ್ನೂ ಇಲ್ಲಿ ಬಿಡುವಂತಿಲ್ಲ. ವಾಲ್ಟನ್ ರಿಬೌಂಡ್ ಹಿಡಿದು ನೆಲಕ್ಕೆ ಇಳಿಯುವ ಮೊದಲೇ ತಿರುಗಿ ಅರ್ಧ ಅಂಕಣದಾಚೆಗೆ ಪಾಸ್ ಎಸೆಯುತ್ತಿದ್ದರು. 1977ರಲ್ಲಿ ಅವರ ತಂಡ ಪೋರ್ಟ್‌ಲ್ಯಾಂಡ್ ಚಾಂಪಿಯನ್‌ಷಿಪ್ ಗೆದ್ದದ್ದು ಬಹುಮಟ್ಟಿಗೆ ಆ ಪಾಸ್‌ಗಳಿಂದ. ಮಲೋನ್‌ಗೆ ಅಂಥ ಸೊಗಸಿನ ಚಲನೆಗಳಿರಲಿಲ್ಲ, ಆದರೆ ತನ್ನದೇ ತಂಡದವರು ತಪ್ಪಿಸಿದ ಶಾಟ್‌ಗಳನ್ನು ಹಿಡಿಯುವುದರಲ್ಲಿ ಅವರ ಸಮಾನರಿಲ್ಲ: ಚೆಂಡು ಕೈಬಿಡುವ ಮೊದಲೇ ಬೇಸ್‌ಲೈನ್ ಕಡೆಯಿಂದ ಒಳಸರಿದು, ಎದುರಾಳಿಯನ್ನು ಸೊಂಟದಿಂದ ಹೊರದೂಡಿ, ಒಮ್ಮೆ ಸಿಗದಿದ್ದರೆ ಮತ್ತೆ ಮತ್ತೆ ಜಿಗಿಯುವುದು ಅವರ ಪದ್ಧತಿ.

ಹೂಸ್ಟನ್‌ನಲ್ಲಿ ಬೇಸಿಗೆಯ ಅಭ್ಯಾಸದ ಪಂದ್ಯಗಳಲ್ಲಿ ಇದೇ ಮಲೋನ್ ಎದುರು ಆಡಿ ಗಟ್ಟಿಯಾದವರು ಹಕೀಮ್ ಒಲಾಜುವನ್. ನೈಜೀರಿಯಾದ ಲೇಗೋಸ್‌ನಲ್ಲಿ ಹುಟ್ಟಿ ಬೆಳೆದ ಅವರು ಹದಿಹರೆಯದವರೆಗೂ ಆಡಿದ್ದು ಹ್ಯಾಂಡ್‌ಬಾಲ್ ಮತ್ತು ಫುಟ್‌ಬಾಲ್, ಅದರಲ್ಲೂ ಗೋಲ್‌ಕೀಪರ್ ಆಗಿ. ಬೆನ್ನನ್ನು ಬುಟ್ಟಿಗೆ ಕೊಟ್ಟು ನಿಂತು, ಒಂದು ಭುಜವನ್ನು ಬೇಸ್‌ಲೈನ್ ಕಡೆಗೆ ತೋರಿಸಿ, ರಕ್ಷಕ ಅತ್ತ ವಾಲಿದೊಡನೆ ಒಳಕ್ಕೆ ತಿರುಗಿ, ಅಲ್ಲಿಂದ ಶಾಟ್‌ನ ನಟನೆ ಮಾಡಿ, ಅವನು ಮೇಲೆ ಜಿಗಿದಾಗ ಕೆಳಗಿನಿಂದ ಹೆಜ್ಜೆ ಹಾಕಿ ಒಳನುಸುಳುವ ಡ್ರೀಮ್ ಶೇಕ್ ಎಂಬ ಅವರ ಚಲನೆಯ ಮೂಲ ಆ ಆಟಗಳಲ್ಲಿ ಪಳಗಿದ ಕಾಲುಗಳಲ್ಲಿದೆ. 1994ರಲ್ಲಿ ಋತುವಿನ ಶ್ರೇಷ್ಠ ಆಟಗಾರ, ಶ್ರೇಷ್ಠ ರಕ್ಷಕ, ಫೈನಲ್ಸ್‌ನ ಶ್ರೇಷ್ಠ ಆಟಗಾರ ಎಂಬ ಮೂರೂ ಗೌರವಗಳು ಅವರಿಗೇ ಸಂದವು. ಸೆಂಟರ್ ಸ್ಥಾನದ ಅತ್ಯಂತ ಪರಿಪೂರ್ಣ ಆಟಗಾರ ಯಾರೆಂದು ಕೇಳಿದರೆ ನಾನು ಹಿಂಜರಿಯದೆ ಅವರ ಹೆಸರನ್ನೇ ಹೇಳುತ್ತೇನೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಬೇಕಿದ್ದರೆ 1995ರ ವೆಸ್ಟರ್ನ್ ಕಾನ್ಫರೆನ್ಸ್ (ಲೀಗ್‌ನ ಪಶ್ಚಿಮ ಗುಂಪು) ಫೈನಲ್ಸ್‌ನ ಎರಡನೇ ಪಂದ್ಯವನ್ನು ಹುಡುಕಿ ನೋಡಿ. ಆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿಯನ್ನು ಪಂದ್ಯಕ್ಕೆ ಮುನ್ನ ಸ್ವೀಕರಿಸಿದವರು ಸ್ಯಾನ್ ಆಂಟೋನಿಯೊದ ಡೇವಿಡ್ ರಾಬಿನ್ಸನ್. ಅವರು ಒಲಾಜುವನ್‌ಗಿಂತ ಎತ್ತರ, ಓಟದಲ್ಲಿ ಚುರುಕು, ಅದ್ಭುತ ರಕ್ಷಕ. ಒಲಾಜುವನ್ ಅಂದು ಅವರ ಎದುರು 41 ಅಂಕ ಗಳಿಸಿದರು. ಮೊದಲ ಸಲ ನೋಡುವಾಗ ಚೆಂಡನ್ನು ಮರೆತು ಒಲಾಜುವನ್ ಅವರ ಪಾದಗಳನ್ನಷ್ಟೇ ಗಮನಿಸಿ, ಎರಡನೇ ಸಲ ರಾಬಿನ್ಸನ್ ಯಾವ ಕ್ಷಣದಲ್ಲಿ ಜಿಗಿಯುತ್ತಾರೆ ಎಂಬುದನ್ನು ಗಮನಿಸಿ.