ಪಾಠದ ವರ್ಡ್ ನೋಟ್ಸ್, ಪಿಪಿಟಿ, ವಿಡಿಯೋ ಎಲ್ಲವನ್ನೂ ವೆಬ್ ಪುಟಕ್ಕೆ ಹಾಕಲು ಸುಲಭ ದಾರಿ ಯಾವುದು?

ಮೇಡಂ, ಯಾದಗಿರಿ ಕಡೆಯ ಹೈಸ್ಕೂಲು, ವರ್ಷಗಟ್ಟಲೆ ಟೈಪ್ ಮಾಡಿಟ್ಟ ನೋಟ್ಸು, ಎಲ್ಲವೂ ಒಂದೇ ಸಲ ಮಕ್ಕಳಿಗೆ ಸಿಗಬೇಕು ಅನ್ನೋ ಆಸೆ. ನಿಮ್ಮ ಪ್ರಶ್ನೆ ಓದಿ ನನ್ನದೇ ಕಥೆ ಅನ್ನಿಸಿತು. ನಾನು ಚಿತ್ತಾಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. 2020ರಲ್ಲಿ ಶಾಲೆ ಮುಚ್ಚಿದಾಗ ಇದನ್ನೇ ಮಾಡಿದ್ದೆ.

ಗೂಗಲ್ ಸೈಟ್ಸ್‌ನಲ್ಲಿ ಒಂದು ಪುಟ ಮಾಡಿದೆ. ಒಂಬತ್ತು ಮತ್ತು ಹತ್ತನೇ ತರಗತಿಯ ನೋಟ್ಸ್ ಇದ್ದ ಇಡೀ ಫೋಲ್ಡರನ್ನು ಅದಕ್ಕೆ ಜೋಡಿಸಿದೆ. ಎಲ್ಲವೂ ವರ್ಡ್ ಫೈಲು, ಎಲ್ಲವೂ 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ನನ್ನ ಲ್ಯಾಪ್‌ಟಾಪ್‌ನಲ್ಲಿ ತೆಗೆದು ನೋಡಿದೆ, ಚೆನ್ನಾಗಿ ಬಂತು. ಶಾಲೆಯ ಆಫೀಸಿನ ಕಂಪ್ಯೂಟರ್‌ನಲ್ಲೂ ನೋಡಿದೆ, ಅಲ್ಲೂ ಬಂತು. ಲಿಂಕನ್ನು ವಾಟ್ಸಾಪ್ ಗ್ರೂಪಿಗೆ ಕಳಿಸಿದೆ. ಕೈ ಮುಗಿದ ಚಿತ್ರಗಳು, 'ಥ್ಯಾಂಕ್ಯೂ ಸರ್' ಸಾಲುಸಾಲಾಗಿ ಬಂದವು. ನನಗೂ ಸಮಾಧಾನ ಆಯಿತು.

ಪರೀಕ್ಷೆ ಹತ್ತಿರ ಬಂದಾಗ ಏನೋ ಜೆರಾಕ್ಸ್ ಮಾಡಿಸಲು ಹೋಗಿದ್ದೆ. ಅಂಗಡಿಯ ಹುಡುಗ ನಮ್ಮ ಶಾಲೆಯಲ್ಲೇ ಓದಿದವನು. ಅವನು ಹೇಳಿದ: "ಸರ, ನಿಮ್ಮ ನೋಟ್ಸ್ ಹುಡುಗೋರ ಫೋನಿನಾಗ ಬರಂಗಿಲ್ರೀ. ನಮ್ಮ ಸಿಸ್ಟಮಿನಾಗ ಬರ್ತದ. ಹಂಗಾಗಿ ಎಲ್ಲಾರೂ ಇಲ್ಲೇ ಬಂದು ಪ್ರಿಂಟ್ ತಗೊಂಡು ಹೋಗ್ತಾರ."

ಅಂದರೆ ನಾನು ಪುಕ್ಕಟೆ ಕೊಟ್ಟೆ ಅಂದುಕೊಂಡ ನೋಟ್ಸನ್ನು ಮಕ್ಕಳು ದುಡ್ಡು ಕೊಟ್ಟು ಓದುತ್ತಿದ್ದರು. ದುಡ್ಡಿಲ್ಲದವರು ಓದಿರಲೇ ಇಲ್ಲ. ಆ ವರ್ಷ ಕೂಲಿ ಕೆಲಸವೇ ನಿಂತ ಮನೆಗಳು ಅವು. ಯಾಕೆ ಯಾರೂ ಹೇಳಲಿಲ್ಲ ಅಂತ ಆಮೇಲೆ ಕೇಳಿದೆ. ತಮ್ಮ ಫೋನೇ ಹಳೆಯದು, ಅದಕ್ಕೇ ಬರುತ್ತಿಲ್ಲ ಅಂತ ಬಹಳ ಮಕ್ಕಳು ತಿಳಿದಿದ್ದರು. ಮೇಷ್ಟ್ರು ಕೊಟ್ಟಿದ್ದು ಸರಿಯಾಗೇ ಇರುತ್ತದೆ ಅನ್ನೋ ನಂಬಿಕೆ ಅವರದ್ದು.

ಇದು ಯಾಕೆ ಆಯಿತು ಅನ್ನೋದನ್ನು ಬಿಡಿಸಿ ಹೇಳುತ್ತೇನೆ. ನಿಮ್ಮ ಫೋಲ್ಡರಿನಲ್ಲೂ ಇದೇ ಇರುತ್ತದೆ ಅಂತ ನನಗೆ ಹೆಚ್ಚುಕಡಿಮೆ ಖಾತ್ರಿ.

ನುಡಿಯ ಹಳೆಯ ಫಾಂಟ್‌ನಲ್ಲಿ ನೀವು 'ಕ' ಅಂತ ಟೈಪ್ ಮಾಡಿದರೆ ಫೈಲಿನ ಒಳಗೆ 'ಕ' ಉಳಿಯುವುದಿಲ್ಲ. ಅಲ್ಲಿ ಉಳಿಯುವುದು ಇಂಗ್ಲಿಷಿನ ದೊಡ್ಡ 'ಪಿ', ಅದರ ಪಕ್ಕ ತಲೆ ಮೇಲೆ ಗೀಟು ಇರುವ ಒಂದು ದೊಡ್ಡ 'ಎ'. ಆ ಎರಡರ ಜಾಗದಲ್ಲಿ ಕನ್ನಡದ ಆಕಾರ ತೋರಿಸುವುದು ಫಾಂಟಿನ ಕೆಲಸ. ಫಾಂಟ್ ಇಲ್ಲದ ಕಡೆ ಒಳಗಿದ್ದದ್ದೇ ಹೊರಗೆ ಬರುತ್ತದೆ. 'ಕನ್ನಡ' ಅನ್ನುವ ಪದದ ನಡುವೆ ಬ್ರಿಟನ್ನಿನ ಪೌಂಡ್ ದುಡ್ಡಿನ ಚಿಹ್ನೆ ಕಾಣುತ್ತದೆ. ಹಳೆಯ ಬರಹ, ಶ್ರೀಲಿಪಿ ಫಾಂಟ್‌ಗಳದ್ದೂ ಹೆಚ್ಚುಕಡಿಮೆ ಇದೇ ಪಾಡು.

ನಾನು ನೋಡಿದ ಎರಡೂ ಕಂಪ್ಯೂಟರ್‌ಗಳಲ್ಲಿ ನುಡಿ ಇತ್ತು. ಸರ್ಕಾರಿ ಪತ್ರ ಟೈಪ್ ಮಾಡಲು ಆಫೀಸಿನಲ್ಲಿ ಹಾಕಿಸಿದ್ದರು. ಜೆರಾಕ್ಸ್ ಅಂಗಡಿಯಲ್ಲೂ ಅರ್ಜಿ ಟೈಪ್ ಮಾಡಲು ಇತ್ತು. ಮಕ್ಕಳ ಫೋನಿನಲ್ಲಿ ಇರಲಿಲ್ಲ, ಇರೋದೂ ಇಲ್ಲ. ಪುಟ ಯಾರಿಗಾಗಿ ಮಾಡಿದೆನೋ ಅವರ ಕೈಯಲ್ಲಿ ಏನಿದೆ ಅಂತ ನೋಡದೆ ನನ್ನ ಮೇಜಿನ ಮೇಲೆ ಇದ್ದದ್ದನ್ನೇ ನೋಡಿದೆ. ಆ ಮಕ್ಕಳಿಗೆ ಅದು ಒಂದು ಇಡೀ ವರ್ಷ.

ನಿಮ್ಮ ಫೈಲು ಯಾವ ಜಾತಿ ಅಂತ ತಿಳಿಯಲು ಒಂದು ಚಿಕ್ಕ ಪರೀಕ್ಷೆ ಇದೆ. ವರ್ಡ್‌ನಲ್ಲಿ ಒಂದು ಸಾಲನ್ನು ಆರಿಸಿ, ಫಾಂಟನ್ನು ಏರಿಯಲ್‌ಗೆ ಬದಲಿಸಿ. ಕನ್ನಡ ಕನ್ನಡವಾಗೇ ಉಳಿದರೆ ಅದು ಯುನಿಕೋಡ್, ಅಂದರೆ ಎಲ್ಲ ಕಡೆ ಒಂದೇ ಆಗಿರುವ ಅಕ್ಷರ ಸಂಕೇತ, ಚಿಂತೆ ಇಲ್ಲ. ವಿಚಿತ್ರ ಇಂಗ್ಲಿಷ್ ಗುರುತುಗಳು ಬಂದರೆ ಹಳೆಯದು. ಯುನಿಕೋಡ್‌ನಲ್ಲಿ 'ಕ'ಗೆ ತನ್ನದೇ ಸಂಖ್ಯೆ ಇದೆ. ಈಗಿನ ಯಾವ ಫೋನಿಗೆ ಹೋದರೂ ಅದು 'ಕ' ಅಂತಲೇ ತಿಳಿಯುತ್ತದೆ.

ಪಿಡಿಎಫ್ ಮಾಡಿ ಹಾಕಿದರೆ ಆಯ್ತಲ್ಲ ಅಂತ ನಮ್ಮ ಸಹೋದ್ಯೋಗಿ ಒಬ್ಬರು ಹೇಳಿದರು. ನಾನೂ ಸ್ವಲ್ಪ ದಿನ ಹಾಗೇ ಮಾಡಿದೆ. ಪಿಡಿಎಫ್ ಒಳಗೆ ಫಾಂಟೂ ಸೇರಿಕೊಳ್ಳುತ್ತದೆ, ಹಾಗಾಗಿ ಕಣ್ಣಿಗೆ ಸರಿ ಕಾಣುತ್ತದೆ. ಆದರೆ ಒಳಗಿನ ಅಕ್ಷರ ಅದೇ ಹಾಳು ಅಕ್ಷರ. 'ಅಶೋಕ' ಅಂತ ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದ ಮಗು ಫೋನಿಗೆ ಓದಲು ಹೇಳಿದರೆ ಅದು ಅರ್ಥವಿಲ್ಲದ್ದನ್ನು ಓದುತ್ತದೆ. ಜೊತೆಗೆ, ಎ4 ಹಾಳೆಯ ಅಳತೆಯ ಪುಟವನ್ನು ಅಂಗೈ ಅಗಲದ ಫೋನಿನಲ್ಲಿ ಹಿಗ್ಗಿಸಿ, ಆ ಕಡೆ ಈ ಕಡೆ ಜಗ್ಗುತ್ತಾ ಓದಬೇಕು. ನಾಲ್ಕು ಸಾಲು ಓದುವಷ್ಟರಲ್ಲಿ ಮಗು ಬೇಸತ್ತು ಫೋನ್ ಕೆಳಗಿಡುತ್ತದೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ, ಮೇಡಂ. ಎಲ್ಲವನ್ನೂ ಹಾಕುವ ಸುಲಭ ದಾರಿ ಹುಡುಕಬೇಡಿ. ಒಂದು ಪಾಠ ತಗೊಳ್ಳಿ. ಅದರ ಬರಹವನ್ನು ಪುಟದ ಮೇಲೇ ಬರೆಯಿರಿ. ಲಿಂಕ್ ಒತ್ತಿದ ತಕ್ಷಣ ಓದಲು ಸಿಗಬೇಕು. ಡೌನ್‌ಲೋಡ್ ಇರಬಾರದು, ಬೇರೆ ಆ್ಯಪ್ ಬೇಕಾಗಬಾರದು. ಹತ್ತಾರು ಫೈಲು ಸುರಿದ ಪುಟಕ್ಕಿಂತ ಒಂದು ಪಾಠ ನೆಟ್ಟಗಿರುವ ಪುಟ ಸಾವಿರ ಪಾಲು ಮೇಲು.

ಹಳೆಯ ನೋಟ್ಸ್ ಪೂರ್ತಿ ವ್ಯರ್ಥವೂ ಅಲ್ಲ. ನುಡಿಯಿಂದ ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಆದರೆ ಅದು ಕೊಟ್ಟದ್ದನ್ನು ಓದದೆ ಹಾಕಬೇಡಿ. ಅರ್ಕಾವತ್ತು ಸರಿ ಕೂತಿದೆಯಾ ನೋಡಿ. ಅಶೋಕನ ಪಾಠದಲ್ಲಿ 'ಧರ್ಮ' ಅನ್ನುವ ಪದ ಎಷ್ಟು ಸಲ ಬರುತ್ತದೆ ಅಲ್ವಾ, ಒಂದೊಂದನ್ನೂ ನೋಡಬೇಕಾಯಿತು. ಸಾಲಿನ ನಡುವೆ ಇಂಗ್ಲಿಷ್ ಪದ ಇದ್ದರೆ ಪರಿವರ್ತಕ ಅದನ್ನೂ ಕನ್ನಡ ಅಂತಲೇ ತಿಳಿದು ಕೆಡಿಸುತ್ತದೆ. ಈಗ ನಾನು ಹಳೆಯ ನೋಟ್ಸನ್ನು ಪರಿವರ್ತಿಸುವುದಕ್ಕಿಂತ ಫೋನಿನ ಕೀಬೋರ್ಡಿಗೆ ಕನ್ನಡದಲ್ಲಿ ಓದಿ ಹೇಳುವುದೇ ಜಾಸ್ತಿ. ಅದು ಬರೆದುಕೊಳ್ಳುತ್ತದೆ, ನಾನು ತಿದ್ದುತ್ತೇನೆ. ಓದಿ ಹೇಳುವಾಗ ನಮ್ಮ ನೋಟ್ಸಿನ ಒಣ ಸಾಲುಗಳು ನಮಗೇ ಕೇಳಿಸುತ್ತವೆ. ಪಾಠವೂ ಸುಧಾರಿಸಿತು.

ಪಿಪಿಟಿ ಬಗ್ಗೆ. ನನ್ನ ಸ್ಲೈಡಿನಲ್ಲಿ 'ಕಳಿಂಗ ಯುದ್ಧ, ಪರಿಣಾಮಗಳು' ಅಂತ ಇಷ್ಟೇ ಇತ್ತು. ತರಗತಿಯಲ್ಲಿ ಅದನ್ನು ಇಟ್ಟುಕೊಂಡು ನಾನು ಬಹಳ ಹೊತ್ತು ಮಾತಾಡುತ್ತಿದ್ದೆ. ಮನೆಯಲ್ಲಿ ಕೂತ ಮಗುವಿಗೆ ನನ್ನ ಮಾತು ಇಲ್ಲ, ಆ ಮೂರು ಪದ ಮಾತ್ರ. ಅದರಿಂದ ಏನು ಕಲಿಯುತ್ತದೆ? ಸ್ಲೈಡಿನ ಚಿತ್ರವನ್ನು ತೆಗೆದು ಪುಟಕ್ಕೆ ಹಾಕಿ, ನೀವು ಆಡುವ ಮಾತನ್ನು ಕೆಳಗೆ ಬರೆಯಿರಿ. ಇನ್ನೊಂದು ವಿಷಯ. ಪವರ್‌ಪಾಯಿಂಟ್ 2007 ಮತ್ತು ಅದಕ್ಕಿಂತ ಹಳೆಯದರಲ್ಲಿ ವಿಡಿಯೋ ಸೇರಿಸಿದರೆ ವಿಡಿಯೋ ಫೈಲಿನ ಒಳಗೆ ಹೋಗುವುದಿಲ್ಲ, ಅದು ಎಲ್ಲಿದೆ ಅನ್ನುವ ವಿಳಾಸ ಮಾತ್ರ ಉಳಿಯುತ್ತದೆ. 2010ರಿಂದ ಒಳಗೇ ಸೇರುತ್ತದೆ. ಹಳೆಯ ಪಿಪಿಟಿ ಹಾಕಿದರೆ ಮಕ್ಕಳಿಗೆ ಕಾಣುವುದು ಬರೀ ಕಪ್ಪು ಚೌಕ.

ಚಿತ್ರ ಹಾಕುವಾಗ ಅಳತೆ ಇಳಿಸಿ. ಫೋನಿನಲ್ಲಿ ತೆಗೆದ ಒಂದು ಫೋಟೋ ನಾಲ್ಕೈದು ಎಂಬಿ ಇರುತ್ತದೆ. ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿದರೆ ಸಾಮಾನ್ಯವಾಗಿ 200-300 ಕೆಬಿ ಸುತ್ತಮುತ್ತ ಬರುತ್ತದೆ, ಫೋನಿನಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಚಿತ್ರದಲ್ಲಿ ಏನಿದೆ ಅಂತ ಒಂದು ಸಾಲಿನ ವಿವರ ಸೇರಿಸುವ ಜಾಗ ಇರುತ್ತದೆ, ಅದನ್ನು ಖಾಲಿ ಬಿಡಬೇಡಿ. ಚಿತ್ರ ನೋಡಲಾಗದ ಮಗುವಿಗೆ ಫೋನ್ ಓದಿ ಹೇಳುವುದು ಆ ಸಾಲನ್ನೇ.

ವಿಡಿಯೋ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ನಮ್ಮ ಕಡೆ ಮನೆಗೊಂದು ಫೋನು. ಅಪ್ಪ ಬೆಳಿಗ್ಗೆ ತಗೊಂಡು ಹೋದರೆ ಸಂಜೆಯೇ ವಾಪಸ್. ತೊಗರಿ ಕಟಾವಿನ ಸಮಯದಲ್ಲಂತೂ ಇನ್ನೂ ತಡ. ಫೋನ್ ಕೈಗೆ ಸಿಗುವ ಆ ಒಂದು ಗಂಟೆಯಲ್ಲಿ, ದಿನದ ಡೇಟಾದಲ್ಲಿ ಉಳಿದಷ್ಟರಲ್ಲಿ ಮಗು ಓದಬೇಕು. ಫೋನಿನಲ್ಲಿ ದೊಡ್ಡ ಗುಣಮಟ್ಟದಲ್ಲಿ ತೆಗೆದ ವಿಡಿಯೋ ನಿಮಿಷಕ್ಕೆ ನೂರು ಎಂಬಿ ದಾಟುವುದು ಮಾಮೂಲು. ಅಂಥ ಫೈಲನ್ನು ನೇರ ಪುಟಕ್ಕೆ ಹಾಕಲೇಬೇಡಿ. ಯೂಟ್ಯೂಬಿಗೆ ಅನ್‌ಲಿಸ್ಟೆಡ್ (ಲಿಂಕ್ ಇದ್ದವರಿಗೆ ಮಾತ್ರ ಕಾಣುವಂತೆ) ಅಂತ ಹಾಕಿ, ಅಲ್ಲಿಂದ ಪುಟಕ್ಕೆ ಜೋಡಿಸಿ. ನೆಟ್‌ವರ್ಕ್ ಕಡಿಮೆ ಇದ್ದರೆ ಯೂಟ್ಯೂಬೇ ಗುಣಮಟ್ಟ ಇಳಿಸಿಕೊಳ್ಳುತ್ತದೆ. ತಾನಾಗೇ ಶುರುವಾಗುವಂತೆ ಮಾಡಬೇಡಿ. 2018ರಿಂದ ಕ್ರೋಮ್ ಕೂಡ ಶಬ್ದ ಇರುವ ವಿಡಿಯೋ ತಾನಾಗಿ ಓಡುವುದನ್ನು ಬಹುಪಾಲು ತಡೆಯುತ್ತದೆ.

ನಿಜ ಹೇಳಬೇಕೆಂದರೆ ಬಹಳ ಪಾಠಕ್ಕೆ ವಿಡಿಯೋನೇ ಬೇಡ. ಧ್ವನಿ ಸಾಕು. 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಗುಣಮಟ್ಟದ ಎಂಪಿ3 ನಿಮಿಷಕ್ಕೆ ಅರ್ಧ ಎಂಬಿಗಿಂತ ಕಡಿಮೆ. ಐದು ನಿಮಿಷದ ಪಾಠ ಎರಡೂವರೆ ಎಂಬಿ ಒಳಗೆ ಮುಗಿಯುತ್ತದೆ. ಅಡುಗೆಗೆ ಕೈ ಹಚ್ಚುತ್ತಾ ಕೇಳಿದೆ ಸರ್ ಅಂತ ಹೆಣ್ಣುಮಕ್ಕಳು ಹೇಳುತ್ತಾರೆ. ವಿಡಿಯೋ ಆಗಿದ್ದರೆ ಅವರಿಗೆ ಕೂತು ನೋಡಲು ಬಿಡುವೇ ಇರುತ್ತಿರಲಿಲ್ಲ. ಧ್ವನಿಯ ಫೈಲನ್ನು ಗೂಗಲ್ ಡ್ರೈವ್‌ನಲ್ಲಿ ಇಟ್ಟರೆ 'ಲಿಂಕ್ ಇರುವ ಯಾರಾದರೂ' ನೋಡಬಹುದು ಅಂತ ಬದಲಿಸಲು ಮರೆಯಬೇಡಿ. ಇಲ್ಲದಿದ್ದರೆ ಮಕ್ಕಳು ಅನುಮತಿ ಕೇಳುತ್ತಾ ಕೂರಬೇಕಾಗುತ್ತದೆ.

ಕಂಪ್ಯೂಟರ್ ಲ್ಯಾಬಿನ ಹಳೆಯ ಸಿಡಿಗಳಲ್ಲಿರುವ ಫ್ಲ್ಯಾಶ್ ಅನಿಮೇಶನ್‌ಗಳನ್ನು ಬಿಟ್ಟುಬಿಡಿ. 2020ರ ಡಿಸೆಂಬರ್ 31ಕ್ಕೆ ಅಡೋಬ್ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು, ಈಗಿನ ಬ್ರೌಸರ್‌ಗಳಲ್ಲಿ ಅವು ಓಡುವುದಿಲ್ಲ.

ಎಕ್ಸೆಲ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಂಕಗಳ ಪಟ್ಟಿಯನ್ನು ಪುಟಕ್ಕೆ ಹಾಕಬೇಡಿ. ಹೆಸರು, ಅಂಕ, ಅಪ್ಪನ ಫೋನ್ ನಂಬರು ಎಲ್ಲ ಊರಿಗೇ ಕಾಣುತ್ತದೆ. ಕಾಲಮ್ಮನ್ನು ಮರೆಮಾಡಿದರೆ ಸಾಲದು, ಫೈಲು ಸಿಕ್ಕವರು ಅದನ್ನು ಮತ್ತೆ ತೆರೆಯಬಹುದು. ಕಡಿಮೆ ಅಂಕ ಬಂದ ಮಗು ಆಮೇಲೆ ಆ ಪುಟದ ಕಡೆ ತಲೆ ಹಾಕುತ್ತದೆಯೇ?

ಹಾಗಾದರೆ ಫೈಲು ಎಲ್ಲಿ ಬೇಕು? ಮಗು ಕೈಯಲ್ಲಿ ಹಿಡಿದು ಬರೆಯಬೇಕಾದ ಕಡೆ. ಖಾಲಿ ನಕ್ಷೆ, ಅಭ್ಯಾಸದ ಹಾಳೆ, ಹಳೆಯ ಪ್ರಶ್ನೆಪತ್ರಿಕೆ. ಅವನ್ನು ಪಿಡಿಎಫ್ ಮಾಡಿ. ಲಿಂಕಿನಲ್ಲೇ 'ಭೀಮಾ ನದಿಯ ಖಾಲಿ ನಕ್ಷೆ, ಪಿಡಿಎಫ್, 300 ಕೆಬಿ' ಅಂತ ಬರೆಯಿರಿ. ಒತ್ತುವ ಮೊದಲೇ ಏನು ಬರುತ್ತದೆ, ಎಷ್ಟು ಡೇಟಾ ಹೋಗುತ್ತದೆ ಅಂತ ಮಗುವಿಗೆ ಗೊತ್ತಾಗಬೇಕು. ಸುಮ್ನೆ 'ಇಲ್ಲಿ ಒತ್ತಿ' ಅಂತ ಬರೆದರೆ ಏನೂ ತಿಳಿಯುವುದಿಲ್ಲ. ಪಠ್ಯಪುಸ್ತಕದ ಪಿಡಿಎಫ್ ಅನ್ನು ನೀವು ಮತ್ತೆ ಹಾಕಬೇಡಿ, ಸರ್ಕಾರದ ತಾಣದ ಲಿಂಕ್ ಕೊಡಿ. ಪುಸ್ತಕ ಬದಲಾದಾಗ ನಿಮ್ಮ ಪುಟದಲ್ಲಿ ಹಳೆಯದು ಉಳಿಯುವುದಿಲ್ಲ.

ಪುಟ ಸಿದ್ಧವಾದ ಮೇಲೆ ನಿಮ್ಮ ಕಂಪ್ಯೂಟರ್‌ನಲ್ಲಿ ನೋಡಿ ತೃಪ್ತಿಪಡಬೇಡಿ. ತರಗತಿಯಲ್ಲಿ ಯಾರ ಮನೆಯ ಫೋನು ತೀರಾ ಹಳೆಯದು ಅಂತ ನಿಮಗೆ ಗೊತ್ತಿರುತ್ತದೆ. ಆ ತಾಯಿಯನ್ನೋ ತಂದೆಯನ್ನೋ ಕೇಳಿ, ಅದರಲ್ಲಿ ತೆಗೆದು ನೋಡಿ. ವೈಫೈ ಬೇಡ, ಅವರ ಸಿಮ್ಮಿನಲ್ಲೇ. ಮಗುವಿನ ಕೈಗೇ ಫೋನ್ ಕೊಟ್ಟು ಸುಮ್ಮನೆ ಪಕ್ಕದಲ್ಲಿ ನಿಲ್ಲಿ, ಎಲ್ಲಿ ಒತ್ತಬೇಕು ಅಂತ ನೀವು ಹೇಳಬೇಡಿ. ಅದು ಎಲ್ಲಿ ತಡೆಯುತ್ತದೋ ಅಲ್ಲೇ ತಿದ್ದಿ.

ಮೊದಲ ಪಾಠ ಯಾವುದು ಅಂತ ಕೇಳಿದರೆ, ಅಶೋಕನನ್ನೇ ತಗೊಳ್ಳಿ ಅನ್ನುತ್ತೇನೆ. ನಮ್ಮ ಚಿತ್ತಾಪುರ ತಾಲ್ಲೂಕಿನ ಸನ್ನತಿ ನಿಮಗೂ ದೂರ ಇಲ್ಲ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ ಅಶೋಕನ ಶಾಸನವಿದ್ದ ಕಲ್ಲು ಬೆಳಕಿಗೆ ಬಂತು. ಅಲ್ಲಿಯವರೆಗೆ ಅದು ಮೂರ್ತಿಯ ಪೀಠವಾಗಿತ್ತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರನ್ನೇ ಬ್ರಾಹ್ಮಿ ಲಿಪಿಯಲ್ಲಿ ಕೊರೆದ ಶಿಲ್ಪ ಸಿಕ್ಕಿದೆ. ಅಂತರ್ಜಾಲದಿಂದ ಯಾರದೋ ಚಿತ್ರ ಎತ್ತುವ ಬದಲು ಒಂದು ಭಾನುವಾರ ಹೋಗಿ, ಅಲ್ಲಿನ ಪುರಾತತ್ವ ಇಲಾಖೆ ಸಿಬ್ಬಂದಿಯನ್ನು ಕೇಳಿ, ನೀವೇ ಫೋಟೋ ತೆಗೆಯಿರಿ. ನಮ್ಮೂರ ಪಕ್ಕದ ಕಲ್ಲು ಅಂತ ಗೊತ್ತಾದರೆ ಮಕ್ಕಳು ಆ ಪುಟವನ್ನು ಮನೆಯವರಿಗೂ ತೋರಿಸುತ್ತಾರೆ. ನಮ್ಮಲ್ಲಿ ಹಾಗೇ ಆಯಿತು.